ತಳಿ ಗೊತ್ತಿಲ್ಲದ ನಾಯಿಯ ದಿನಚರಿ

ಗೇಟಿನ ಹತ್ತಿರ ನಿಂತವರು ಮೊದಲು ಕೇಳುವುದು "ಯಾವ ಜಾತಿ ನಾಯಿ?" ಅಂತ. ಮನೆಯವರ ಬಳಿ ಉತ್ತರವೂ ಇರುತ್ತದೆ: ಲ್ಯಾಬ್ ಕ್ರಾಸ್, ಪಾಮೇರಿಯನ್ ಕ್ರಾಸ್, ಮುಧೋಳ ಕ್ರಾಸ್. ಏನೂ ಹೊಳೆಯದಿದ್ದರೆ ಕಂತ್ರಿ. ಕಿವಿ ಜೋತುಬಿದ್ದಿದ್ದರೆ ಲ್ಯಾಬ್, ಬೆನ್ನು ಕಪ್ಪಗಿದ್ದರೆ ಅಲ್ಸೇಷಿಯನ್, ಸೊಂಟ ಸಣ್ಣಗಿದ್ದು ಕಾಲು ನೀಳವಾಗಿದ್ದರೆ ಮುಧೋಳ ಅಂತ ಲೆಕ್ಕ. ಈ ಲೆಕ್ಕ ಬಹಳ ಸಲ ತಪ್ಪುತ್ತದೆ. ಕಿವಿಯ ನಿಲುವು, ಮೈಬಣ್ಣ, ಕೂದಲಿನ ಉದ್ದ ಇವನ್ನೆಲ್ಲ ನಡೆಸುವುದು ಕೆಲವೇ ಕೆಲವು ವಂಶವಾಹಿಗಳು. ಒಂದೇ ಸೂಲಿನ ಮರಿಗಳಲ್ಲಿ ಒಂದಕ್ಕೆ ನಿಮಿರಿದ ಕಿವಿ, ಇನ್ನೊಂದಕ್ಕೆ ಜೋಲುಕಿವಿ ಇರುತ್ತದೆ; ಆ ಸೂಲಿಗೆ ಅಪ್ಪಂದಿರೂ ಇಬ್ಬರಿರಬಹುದು.

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವವನ್ನು ಮನೆಯವರಿಂದ ಕೇಳಿ ಬರೆದುಕೊಂಡು, ಅವುಗಳಲ್ಲಿ 2,000ಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಓದಿದ್ದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಅಷ್ಟೇ ಅಂತ ಗೊತ್ತಾಯಿತು. ಹಾಗಾಗಿ ಲ್ಯಾಬ್ ರಕ್ತ ಇದೆ, ಮಕ್ಕಳ ಜೊತೆ ಸಾಧುವಾಗಿರುತ್ತೆ ಅಂತ ನೆಚ್ಚಿ ಕೂರುವಂತಿಲ್ಲ. ಬೀದಿಯಿಂದ ಬಂದದ್ದು, ಕಚ್ಚುತ್ತೆ ಅಂತ ಹೆದರಬೇಕಾಗಿಯೂ ಇಲ್ಲ. ಮನೆಯ ನಾಯಿ ಎಂಥದ್ದು ಅಂತ ತಿಳಿಯಬೇಕಾದರೆ ಅದರ ಒಂದು ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಗಮನವಿಟ್ಟು ನೋಡಬೇಕು. ಅದಕ್ಕೆ ಮೈ ಹುಷಾರಿಲ್ಲ ಅನ್ನುವುದು ಮೊದಲು ಕಾಣುವುದೂ ಆ ದಿನಚರಿಯಲ್ಲೇ.

ಉತ್ತರ ಕರ್ನಾಟಕದಲ್ಲಿ ಮಾತ್ರ ತಳಿಯ ಊಹೆಗೆ ಸ್ವಲ್ಪ ಆಧಾರವಿದೆ. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಮುಧೋಳದ ರಕ್ತ ನಿಜವಾಗಿಯೂ ಹರಡಿದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿಯನ್ನೂ ತಂದಿತು. ನಾಯಿಯ ಎದೆ ಆಳವಾಗಿದ್ದು, ಸೊಂಟ ಒಳಕ್ಕೆ ಸರಿದು, ಮೈಯಲ್ಲಿ ಕೊಬ್ಬೇ ಇಲ್ಲದಂತಿದ್ದರೆ ಆಪರೇಷನ್‌ಗೆ ಮುಂಚೆ ವೈದ್ಯರಿಗೆ ಆ ಮಾತು ಹೇಳಿ. ಇಂಥ ಮೈಕಟ್ಟಿನ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಇಳಿಯಲು ಬಹಳ ಹೊತ್ತು ಬೇಕಾಗುತ್ತದೆ.

ಸ್ವಭಾವದ ದೊಡ್ಡ ಪಾಲು ಕೂಡಿಬರುವುದು ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದೊಳಗೆ. ಆ ದಿನಗಳಲ್ಲಿ ಮರಿ ಕಂಡದ್ದು, ಕೇಳಿದ್ದು, ಮುಟ್ಟಿಸಿಕೊಂಡದ್ದು ಅದಕ್ಕೆ ಜೀವನವಿಡೀ ಸಹಜ. ಕಾಣದ್ದೆಲ್ಲ ಅನುಮಾನದ ವಸ್ತು. ಬೀದಿಯಲ್ಲಿ ಹುಟ್ಟಿದ ಮರಿಗೆ ಆಟೋ ಸದ್ದು, ದನ, ಜನಸಂದಣಿ ಯಾವುದೂ ಹೊಸದಲ್ಲ. ಆದರೆ ಮಿಕ್ಸಿ, ಕುಕ್ಕರ್ ಸೀಟಿ, ನುಣುಪು ಟೈಲ್ಸ್, ಮುಚ್ಚಿದ ಕೋಣೆ ಹೊಸದು. ಅಂಥ ಮರಿಯನ್ನು ಎಂಟು ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಬಾರದು. ಕಚ್ಚುವಾಗ ಎಷ್ಟು ಜೋರು ಕಚ್ಚಬಹುದು ಅನ್ನುವ ಪಾಠ ಒಡಹುಟ್ಟಿದ ಮರಿಗಳ ಜೊತೆಯ ಆಟದಲ್ಲೇ ಆಗುವುದು.

ತೊಡಕು ಇರುವುದು ಇಲ್ಲಿ: ಲೋಕ ತೋರಿಸಬೇಕಾದ ವಾರಗಳೂ ಪಾರ್ವೋ ತಗಲುವ ವಾರಗಳೂ ಒಂದೇ. ವಾಂತಿ, ನಾರುವ ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಮರಿ ಕೈತಪ್ಪಿಹೋಗುವ ರೋಗ ಅದು. ಮಿಶ್ರತಳಿಗೆ ರೋಗನಿರೋಧಕ ಶಕ್ತಿ ಜಾಸ್ತಿ, ಇಂಜೆಕ್ಷನ್ ಬೇಡ ಅನ್ನುವ ಮಾತನ್ನು ನಂಬಿ ಎಷ್ಟೋ ಮರಿಗಳು ಸತ್ತಿವೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಆ ರಕ್ಷಣೆ ಯಾವ ವಾರ ಕಳೆಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಅದಕ್ಕೇ ಇಷ್ಟು ಸಲ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ನಂತರ ವರ್ಷಕ್ಕೊಮ್ಮೆ. ಲಸಿಕೆ ಮುಗಿಯುವವರೆಗೆ ಮರಿಯನ್ನು ಎತ್ತಿಕೊಂಡೇ ಬೀದಿ ಸುತ್ತಿಸಿ: ಬಸ್‌ಸ್ಟ್ಯಾಂಡ್, ಸಂತೆ, ಮದುವೆ ಛತ್ರದ ಎದುರು, ಛತ್ರಿ ಬಿಚ್ಚುವವರು, ಹೆಲ್ಮೆಟ್ ಹಾಕಿದವರು, ಓಡುವ ಮಕ್ಕಳು. ನೆಲಕ್ಕೆ ಮಾತ್ರ ಬಿಡಬೇಡಿ. ಹಿಂದಿನ ಮರಿ ಪಾರ್ವೋದಲ್ಲಿ ಸತ್ತ ಮನೆಯಾದರೆ ಮಣ್ಣಿನಲ್ಲಿ ಆ ವೈರಸ್ ತಿಂಗಳುಗಟ್ಟಲೆ ಉಳಿದಿರುತ್ತದೆ. ನೆಲ, ತಟ್ಟೆಗಳನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿಡಬೇಕು. ಫಿನಾಯಿಲ್ ಇದಕ್ಕೆ ಸಾಲದು.

ಇನ್ನು ದೊಡ್ಡ ನಾಯಿಯ ದಿನ. ಅದು ಮನೆಯವರಿಗಿಂತ ಮೊದಲು ಏಳುತ್ತದೆ, ಆದರೆ ಎದ್ದದ್ದನ್ನು ತೋರಿಸಿಕೊಳ್ಳುವುದಿಲ್ಲ. ಹಾಲಿನವನ ಸೈಕಲ್, ಪೇಪರ್ ಬಿದ್ದ ಸದ್ದು, ಅಂಗಳಕ್ಕೆ ನೀರು ಹಾಕುವ ಸದ್ದು ಇವೆಲ್ಲ ಅದಕ್ಕೆ ಗೊತ್ತಿರುವ ಕ್ರಮದಲ್ಲಿ ಬಂದರೆ ಕಣ್ಣು ಮುಚ್ಚಿಕೊಂಡೇ ಕಿವಿ ಮಾತ್ರ ತಿರುಗಿಸುತ್ತದೆ. ಬಾಗಿಲ ಚಿಲಕ ತೆಗೆದಾಗ ಎದ್ದು, ಮುಂಗಾಲು ಚಾಚಿ ಬೆನ್ನು ಬಗ್ಗಿಸಿ, ಆಮೇಲೆ ಒಂದೊಂದೇ ಹಿಂಗಾಲನ್ನು ಹಿಂದಕ್ಕೆ ಎಳೆದು ಮೈಮುರಿಯುತ್ತದೆ. ಈ ಮೈಮುರಿತವನ್ನು ದಿನಾ ನೋಡಿ. ಮುಂಗಾಲು ಚಾಚಿ, ಹಿಂಭಾಗ ಮೇಲೆ ಇಟ್ಟುಕೊಂಡು ಮತ್ತೆ ಮತ್ತೆ ಹಾಗೇ ನಿಲ್ಲುತ್ತಿದ್ದರೆ ಹೊಟ್ಟೆನೋವಿರಬಹುದು. ಹಿಂಗಾಲು ಎಳೆಯುವುದನ್ನೇ ಬಿಟ್ಟಿದ್ದರೆ ಸೊಂಟ ಅಥವಾ ಮಂಡಿ ನೋವು. ಅಮೆರಿಕದ ಒಂದು ಪಶುವೈದ್ಯ ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿ 2013ರಲ್ಲಿ ಬಂದ ಅಧ್ಯಯನ 24 ಆನುವಂಶಿಕ ಕಾಯಿಲೆಗಳನ್ನು ಹೋಲಿಸಿತ್ತು. 10 ಕಾಯಿಲೆ ಶುದ್ಧ ತಳಿಗಳಲ್ಲಿ ಹೆಚ್ಚು, 13ರಲ್ಲಿ ವ್ಯತ್ಯಾಸವಿಲ್ಲ, ಒಂದು ಮಾತ್ರ ಮಿಶ್ರತಳಿಗಳಲ್ಲೇ ಹೆಚ್ಚು. ಆ ಒಂದು, ಹಿಂಗಾಲ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು.

ಬಾಲದ ವಿಷಯದಲ್ಲಿ ನಮ್ಮ ನಾಡುನಾಯಿಗಳನ್ನು ಓದುವ ಬಗೆ ಬೇರೆ. ಸುರುಳಿ ಬಾಲದ ನಾಯಿಯ ಬಾಲ ಬೆನ್ನ ಮೇಲಿರುವುದೇ ಅದರ ಸಾಮಾನ್ಯ ಸ್ಥಿತಿ, ಅದನ್ನು ಜಂಬ ಅಂತಲೋ ಜಗಳದ ಮುನ್ಸೂಚನೆ ಅಂತಲೋ ತಿಳಿಯಬೇಕಾಗಿಲ್ಲ. ಸುರುಳಿ ಬಿಚ್ಚಿ ಬಾಲ ಇಳಿಬಿದ್ದಾಗ ಗಮನಿಸಬೇಕು: ಜ್ವರ, ನೋವು ಅಥವಾ ಭಯ. ಬಾಲ ಗಟ್ಟಿಯಾಗಿ ನಿಂತು ತುದಿ ಮಾತ್ರ ಚಿಕ್ಕದಾಗಿ ಅಲುಗುತ್ತಿದ್ದರೆ ಅದು ಸ್ನೇಹವಲ್ಲ, ನಾಯಿ ಇನ್ನೂ ತೀರ್ಮಾನಕ್ಕೆ ಬಂದಿಲ್ಲ ಅಂತ. ಸ್ನೇಹದಲ್ಲಿ ಸೊಂಟ ಸಮೇತ ಮೈಯೆಲ್ಲ ಬಳುಕುತ್ತದೆ.

ವಾಕಿಂಗ್ ಅಂದರೆ ಕೈ ಬೀಸಿ ಎರಡು ಕಿಲೋಮೀಟರ್ ಎಳೆದುಕೊಂಡು ಹೋಗುವುದಲ್ಲ. ನಾಯಿಗೆ ಅದು ಮೂಸುವ ಹೊತ್ತು. ಅರ್ಧ ಗಂಟೆಯಲ್ಲಿ ಹತ್ತು ನಿಮಿಷವಾದರೂ ಅದು ನಿಂತ ಕಡೆ ನಿಲ್ಲಿ. ಬೀದಿಯ ರಕ್ತ ಇರುವ ನಾಯಿಗಳು ಹೆದರಿದರೆ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಕಳಚಿಕೊಂಡು ಓಡಿಹೋಗುತ್ತವೆ. ಅವುಗಳ ಕತ್ತು ದಪ್ಪ, ತಲೆ ಸಪೂರ. ಪಟ್ಟಿಯೊಳಗೆ ಎರಡು ಬೆರಳಷ್ಟೇ ಹೋಗಬೇಕು. ಎದೆಯ ಹಿಂದೆ ಸೊಂಟದ ಕಡೆಗೂ ಇನ್ನೊಂದು ಪಟ್ಟಿ ಬರುವ ಬಾಡಿ ಬೆಲ್ಟ್ ಇನ್ನೂ ಒಳ್ಳೆಯದು. ಪ್ರತಿ ಬೀದಿಗೂ ಅದರದೇ ನಾಯಿಗುಂಪು ಇರುತ್ತದೆ. ಅವು ಕೂಗಿಕೊಂಡು ಬಂದಾಗ ಓಡಬೇಡಿ, ಕಲ್ಲೆತ್ತಬೇಡಿ, ಹಗ್ಗ ಬಿಗಿಯಾಗಿ ಎಳೆಯಬೇಡಿ. ಹಗ್ಗ ಬಿಗಿಯಾದರೆ ನಿಮ್ಮ ನಾಯಿಯ ತಲೆ ಎತ್ತರಕ್ಕೆ ಬಂದು ಎದುರಿನವುಗಳಿಗೆ ಅದು ಸೆಡ್ಡು ಹೊಡೆದಂತೆ ಕಾಣುತ್ತದೆ. ನೇರ ನುಗ್ಗದೆ ಅರ್ಧಚಂದ್ರಾಕಾರವಾಗಿ ಬಳಸಿ ದಾಟಿ. ಮಾರ್ಚ್‌ನಿಂದ ಮೇವರೆಗೆ ಡಾಂಬರಿನ ಮೇಲೆ ಅಂಗೈ ಹಿಂಬದಿಯನ್ನು ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಬೇಡ.

ಊಟದ ಮಾತಿಗೆ ಬಂದರೆ ತಪ್ಪುಗಳೆಲ್ಲ ಪ್ರೀತಿಯಿಂದಲೇ ಆಗುವಂಥವು. ಉಳಿದ ಸಾರನ್ನ, ಹಾಲನ್ನ, ಬಿಸ್ಕತ್ತು. ನಾಯಿ ಪಿಷ್ಟ ಜೀರ್ಣಿಸಲಾರದು ಅನ್ನುವುದು ಸುಳ್ಳು. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಒಡೆಯುವ ವಂಶವಾಹಿಯ ಪ್ರತಿಗಳು ಬಹಳ ಹೆಚ್ಚಿವೆ ಅಂತ 2013ರಲ್ಲೇ ತೋರಿಸಿದ್ದಾರೆ. ಹಾಗಾಗಿ ರಾಗಿ, ಅನ್ನ ಎರಡೂ ಆಗುತ್ತದೆ, ಚೆನ್ನಾಗಿ ಬೆಂದಿರಬೇಕು. ತೊಂದರೆ ಇರುವುದು ಸಾರಿನ ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನಲ್ಲಿ. ನಾಯಿಯ ಪ್ರತಿ ಕೆ.ಜಿ. ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೋದರೆ ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. ಒಂದು ಸೌಟು ಸಾಂಬಾರಿಗೆ ಏನೂ ಆಗದಿರಬಹುದು, ದಿನಾ ಹಾಕಿದರೆ ಒಸಡು ನಿಧಾನಕ್ಕೆ ಬಿಳಿಚಿಕೊಳ್ಳುತ್ತದೆ. ಪಾಯಸದ ಒಣದ್ರಾಕ್ಷಿ ಅದಕ್ಕಿಂತ ಅಪಾಯ: ಕೆಲವು ನಾಯಿಗಳಿಗೆ ಸ್ವಲ್ಪವೇ ತಿಂದರೂ ಮೂತ್ರಪಿಂಡ ಕೆಡುತ್ತದೆ. ಹಬ್ಬದ ದಿನ ಮಕ್ಕಳ ಕೈಯಿಂದ ಬೀಳುವ ಒಂದೊಂದು ದ್ರಾಕ್ಷಿಯನ್ನೂ ಹೆಕ್ಕಬೇಕು. ಚಾಕೊಲೇಟ್, ಸಕ್ಕರೆ ಬದಲಿಗೆ ಜೈಲಿಟಾಲ್ ಹಾಕಿದ ತಿನಿಸು, ಬೇಯಿಸಿದ ಕೋಳಿಮೂಳೆ ಇವೂ ಆ ಸಾಲಿನವೇ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳು ಚುಚ್ಚುತ್ತದೆ.

ಹದಿನಾರು ಕೆ.ಜಿ. ತೂಗುವ, ಸಂತಾನಹರಣ ಆಗಿರುವ, ದಿನಕ್ಕೆರಡು ಸಲ ಅಡ್ಡಾಡುವ ನಾಯಿಗೆ ಸುಮಾರು 900 ಕಿಲೋಕ್ಯಾಲರಿ ಬೇಕು. ಅಡುಗೆಮನೆಯ ಅಳತೆಯಲ್ಲಿ ಅದು ಹೀಗೆ: 80 ಗ್ರಾಂ ರಾಗಿಹಿಟ್ಟಿನ ಮುದ್ದೆ ಅಥವಾ ಅಂಬಲಿ, 60 ಗ್ರಾಂ ಅಕ್ಕಿಯ ಮೆತ್ತನೆ ಅನ್ನ, ಚರ್ಮ ಮೂಳೆ ತೆಗೆದ 200 ಗ್ರಾಂ ಕೋಳಿ, ಒಂದು ಬೆಂದ ಮೊಟ್ಟೆ, ಅರ್ಧ ಬಟ್ಟಲು ಮೊಸರು, ಒಂದು ಹಿಡಿ ಸಿಹಿಗುಂಬಳ ಅಥವಾ ಕ್ಯಾರೆಟ್, ಒಂದು ಚಮಚ ಎಣ್ಣೆ. ಇದನ್ನು ಎರಡು ಹೊತ್ತಿಗೆ ಹಂಚಿ. ಇದರಲ್ಲಿ ಕಡಿಮೆ ಬೀಳುವುದು ಸುಣ್ಣದಂಶ. ರಾಗಿಯಲ್ಲಿ ಅದು ಸಾಕಷ್ಟಿದ್ದರೂ ಮೈಗೆ ಪೂರ್ತಿ ಸೇರುವುದಿಲ್ಲ. ಮೊಟ್ಟೆಸಿಪ್ಪೆಯನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ದಿನಕ್ಕೆ ಅರ್ಧ ಟೀಚಮಚ ಬೆರೆಸಿದರೆ ಆಯಿತು. ಬೆಳೆಯುವ ಮರಿಗಳಿಗೆ ಈ ಅಂದಾಜು ನಡೆಯುವುದಿಲ್ಲ, ಸುಣ್ಣ ಹೆಚ್ಚಾದರೂ ಕಡಿಮೆಯಾದರೂ ಕಾಲು ಸೊಟ್ಟಗಾಗುತ್ತದೆ, ವೈದ್ಯರನ್ನೇ ಕೇಳಬೇಕು. ದೊಡ್ಡ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಮೊಸರು ಅರಗುತ್ತದೆ. ಅಳತೆ ಸರಿಯೋ ಇಲ್ಲವೋ ಅಂತ ನೋಡಲು ತಕ್ಕಡಿ ಬೇಡ. ಪಕ್ಕೆಯ ಮೇಲೆ ಹಗುರವಾಗಿ ಕೈ ಆಡಿಸಿದರೆ ಎಲುಬುಗಳು ಒಂದೊಂದಾಗಿ ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.

ತಿನ್ನುವಾಗ ಗುರ್ ಅನ್ನುವ ನಾಯಿಯ ತಟ್ಟೆಯನ್ನು "ಯಜಮಾನ ಯಾರು ತೋರಿಸ್ತೀನಿ" ಅಂತ ಕಿತ್ತುಕೊಳ್ಳುವವರಿದ್ದಾರೆ. ಇದರಿಂದ ನಾಯಿ ಕಲಿಯುವುದು ಒಂದೇ: ಗುರ್ ಅಂದರೂ ಕೇಳಲಿಲ್ಲ, ಮುಂದಿನ ಸಲ ನೇರ ಕಚ್ಚಬೇಕು. ತಟ್ಟೆಯ ಹತ್ತಿರ ಹೋದಾಗಲೆಲ್ಲ ಒಂದು ಚೂರು ಕೋಳಿ ಹಾಕಿ ಹಿಂದೆ ಸರಿಯಿರಿ. ಕೆಲವು ವಾರಗಳಲ್ಲಿ ನೀವು ಬರುವುದು ಕಂಡರೇ ಬಾಲ ಆಡತೊಡಗುತ್ತದೆ.

ಮಧ್ಯಾಹ್ನ ಪೂರ್ತಿ ನಿದ್ದೆ. ದೊಡ್ಡ ನಾಯಿ ದಿನದಲ್ಲಿ ಹನ್ನೆರಡರಿಂದ ಹದಿನಾಲ್ಕು ಗಂಟೆ ಮಲಗುತ್ತದೆ, ಅದರಲ್ಲಿ ಸೋಮಾರಿತನವೇನೂ ಇಲ್ಲ. ಜಾಗ ಮಾತ್ರ ಅದರದೇ ಆಯ್ಕೆ: ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಒದ್ದೆ ಮಣ್ಣು, ತುಳಸಿಕಟ್ಟೆಯ ನೆರಳು, ಚಳಿಗಾಲದಲ್ಲಿ ಬಚ್ಚಲ ಒಲೆಯ ಮುಂದೆ. ದುಡ್ಡು ಕೊಟ್ಟು ತಂದ ಹಾಸಿಗೆ ಬಿಟ್ಟು ಗೋಣಿಚೀಲ ಹುಡುಕುತ್ತದೆ. ಮಲಗುವ ಜಾಗ ಇದ್ದಕ್ಕಿದ್ದಂತೆ ಬದಲಾದರೆ, ಯಾವಾಗಲೂ ದಾರಿಗೆ ಅಡ್ಡ ಮಲಗುತ್ತಿದ್ದದ್ದು ಮಂಚದ ಕೆಳಗೆ ಸೇರಿದರೆ, ಅಂದೇ ಉಷ್ಣತೆ ನೋಡಿ. ಗುದದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟಾಗ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮೂಗು ಒದ್ದೆಯೋ ಒಣಗಿದೆಯೋ ಅನ್ನುವುದು ಲೆಕ್ಕಕ್ಕಿಲ್ಲ. ಮನುಷ್ಯರ ಜ್ವರದ, ನೋವಿನ ಮಾತ್ರೆಗಳನ್ನು ಯಾವ ಕಾರಣಕ್ಕೂ ಕೊಡಬೇಡಿ.

ಆ ಜ್ವರಕ್ಕೆ ನಮ್ಮ ಊರುಗಳಲ್ಲಿ ಬಹಳ ಸಲ ಕಾರಣ ಉಣ್ಣಿ, ಮಲೆನಾಡಿನವರ ಉಣುಗು. ನಾಯಿಯ ಮೈಮೇಲಿನದನ್ನು ಕಿತ್ತರೆ ಮುಗಿಯಿತು ಅಂದುಕೊಳ್ಳುವುದರಿಂದಲೇ ಇದು ಮನೆ ಬಿಟ್ಟು ಹೋಗುವುದಿಲ್ಲ. ಕಂದು ಉಣ್ಣಿ ಮೂರು ಹಂತಗಳಲ್ಲಿ ಮೂರು ಸಲ ನಾಯಿಯ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಕೆಳಗೆ ಬಿದ್ದು, ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು, ಹಂಚಿನ ಅಡಿಗೆ ಹತ್ತಿ, ಅಲ್ಲಿ ಪೊರೆ ಬಿಟ್ಟು ಮತ್ತೆ ಬರುತ್ತದೆ. ರಕ್ತ ಕುಡಿದು ಹುಣಸೆಬೀಜದಷ್ಟಾದ ಹೆಣ್ಣು ಅಂಥ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹೊಟ್ಟೆಗೆ ಸಿಗದಿದ್ದರೂ ತಿಂಗಳುಗಟ್ಟಲೆ ಕಾದಿರುತ್ತದೆ. ಅದಕ್ಕೇ ನಾಯಿಗೂ ಔಷಧಿ, ಗೋಡೆಗೂ ಔಷಧಿ. ಎರಡೂ ಒಟ್ಟಿಗೆ, ಎರಡು ಮೂರು ತಿಂಗಳು ಬಿಡದೆ.

ದಿನಾ ಸಂಜೆ ಐದು ನಿಮಿಷದ ಹುಡುಕಾಟ ರೂಢಿಯಾಗಲಿ. ಕಿವಿಯ ಒಳಮಡಿಕೆ, ಕಿವಿಯ ಅಂಚಿನ ಚಿಕ್ಕ ಸೀಳು, ಕೊರಳಪಟ್ಟಿಯ ಅಡಿ, ಕಂಕುಳು, ಬಾಲದ ಬುಡ, ಕೊನೆಗೆ ಬೆರಳುಗಳ ನಡುವೆ. ಬೆರಳ ಸಂದನ್ನು ಬಿಡಿಸಿದಾಗ ಚರ್ಮ ಕೆಂಪಾಗಿದ್ದು, ನಡುವೆ ಎಳ್ಳಿನಷ್ಟು ಕಂದು ಚುಕ್ಕೆ ಕಂಡರೆ ಅದು ಇನ್ನೂ ಬೆಳೆಯದ ಉಣ್ಣಿ. ಚಿಮಟಿಯಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ, ನೇರಕ್ಕೆ ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣ ಬೇಡ. ಕೆಣಕಿದ ಉಣ್ಣಿ ಹೊಟ್ಟೆಯೊಳಗಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಬೆರಳಿಂದ ಜಜ್ಜಲೂಬೇಡಿ, ಸ್ಪಿರಿಟ್ ಇರುವ ಸೀಸೆಗೆ ಹಾಕಿ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳು ಈಗ ಚೆನ್ನಾಗಿ ಕೆಲಸ ಮಾಡುತ್ತವೆ; ಫಿಟ್ಸ್ ಬರುವ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ. ದನಕ್ಕೆಂದು ತಂದ ಔಷಧಿಯನ್ನು ಕಣ್ಣಳತೆಯಲ್ಲಿ ನೀರಿಗೆ ಸುರಿದು ನಾಯಿಗೆ ಹಚ್ಚಿದರೆ ಜೊಲ್ಲು, ನಡುಕ ಶುರುವಾಗುತ್ತದೆ.

ಟಿಕ್ ಫೀವರ್ ಅಬ್ಬರದಿಂದ ಬರುವುದಿಲ್ಲ. ಊಟ ಅರ್ಧಕ್ಕೆ ಬಿಡುವುದು, ಗೇಟಿನವರೆಗೆ ಓಡುತ್ತಿದ್ದದ್ದು ಜಗಲಿಯಲ್ಲೇ ತಲೆ ಎತ್ತಿ ನೋಡುವುದು, ಅಷ್ಟೇ. ಆಮೇಲೆ ಒಸಡು ಪೇಲವವಾಗುತ್ತದೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಏಳುತ್ತದೆ, ಮೂಗಿನಿಂದ ರಕ್ತ ಬರಬಹುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬೇರೊಂದು ಉಣ್ಣಿರೋಗ, ಅದಕ್ಕೆ ಔಷಧಿಯೂ ಬೇರೆ. ರಕ್ತಪರೀಕ್ಷೆ ಮಾಡಿಸಿ. ಮೊದಲು ಹೇಳಿದ ಬಗೆಯ ರೋಗಕ್ಕೆ ವೈದ್ಯರು ಸಾಮಾನ್ಯವಾಗಿ ಬರೆಯುವ ಡಾಕ್ಸಿಸೈಕ್ಲಿನ್ 28 ದಿನದ್ದು. ನಾಲ್ಕನೇ ದಿನಕ್ಕೆ ನಾಯಿ ಮೊದಲಿನಂತೆ ಕುಣಿಯುತ್ತದೆ, ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ರೋಗ ಒಳಗೆ ಉಳಿದು ತಿಂಗಳುಗಳ ನಂತರ ಮೂಳೆಮಜ್ಜೆಗೆ ಇಳಿಯುತ್ತದೆ. 28 ದಿನ ಅಂದರೆ 28 ದಿನ, ಊಟದ ಜೊತೆಗೇ.

ಸಂಜೆ ಮನೆಗೆ ಜನ ಬರುವ ಹೊತ್ತು. ಮನೆಯ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲೇ ನಾಯಿಗೆ ಸಿಗುತ್ತದೆ, ಅದೇ ಕಂಪನಿಯ ಬೇರೆ ಸ್ಕೂಟರಿಗೆ ಕಿವಿಯೂ ಅಲುಗುವುದಿಲ್ಲ. ಮನೆಯಲ್ಲಿ ಯಾರು ಹೇಗೆ ಅನ್ನುವುದು ಅದಕ್ಕೆ ಚೆನ್ನಾಗಿ ಗೊತ್ತು: ಅಜ್ಜಿಯ ಹತ್ತಿರ ಮೈಮೇಲೆ ಹಾರುವುದಿಲ್ಲ, ಮಕ್ಕಳ ಹತ್ತಿರ ಹಾರುತ್ತದೆ, ಅಡುಗೆಮನೆಯ ಹೊಸ್ತಿಲು ದಾಟಬಾರದು ಅನ್ನುವುದು ಅಮ್ಮ ಇದ್ದಾಗ ಮಾತ್ರ ನಿಯಮ. ಅಪ್ಪ "ಕೂತ್ಕೋ", ಮಗಳು "ಸಿಟ್", ಅಜ್ಜ "ಸುಮ್ನಿರು" ಅಂದರೆ ನಾಯಿಗೆ ಮೂರೂ ಬೇರೆ ಸದ್ದು. ಮನೆಯವರೆಲ್ಲ ಸೇರಿ ಒಂದೇ ಪದ ಗೊತ್ತುಮಾಡಿಕೊಂಡರೆ ಅರ್ಧ ತರಬೇತಿ ಅಲ್ಲಿಗೇ ಮುಗಿಯಿತು.

ನೆಂಟರು ಬಂದಾಗ "ಏನೂ ಮಾಡಲ್ಲ ಬನ್ನಿ" ಅನ್ನುವುದಕ್ಕಿಂತ ನಾಯಿಯನ್ನು ಹತ್ತು ನಿಮಿಷ ಕೋಣೆಯಲ್ಲಿಟ್ಟು, ಅವರು ಕೂತ ಮೇಲೆ ಬಿಡುವುದು ಮೇಲು. ಬಂದವರು ಅದರ ಕಣ್ಣಲ್ಲಿ ಕಣ್ಣಿಡದೆ, ತಲೆ ಸವರಲು ಹೋಗದೆ, ಅದೇ ಬಂದು ಮೂಸಲು ಬಿಡಬೇಕು. ತುಟಿ ನೆಕ್ಕಿಕೊಳ್ಳುವುದು, ಹೊತ್ತಲ್ಲದ ಹೊತ್ತಲ್ಲಿ ಆಕಳಿಸುವುದು, ಮುಖ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸುವುದು, ಇವೆಲ್ಲ "ಸಾಕು ಬಿಡಿ" ಅಂತ. ಪುಟ್ಟ ಮಗು ನಾಯಿಯನ್ನು ತಬ್ಬಿ ಫೋಟೊಗೆ ನಿಂತಾಗ ಈ ಮೂರೂ ಒಟ್ಟಿಗೆ ಕಾಣುತ್ತವೆ. ಐದು ವರ್ಷದೊಳಗಿನ ಮಗುವನ್ನೂ ನಾಯಿಯನ್ನೂ, ಎಷ್ಟೇ ಸಾಧುವಾದರೂ, ಇಬ್ಬರನ್ನೇ ಬಿಡಬೇಡಿ. ಲಸಿಕೆ ಆದ ಮನೆನಾಯಿಯ ಹಲ್ಲು ತಾಗಿದರೂ ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ತೋರಿಸಿ.

ಹೆಣ್ಣುನಾಯಿಗೆ ಸಂತಾನಹರಣ ಮಾಡಿಸದೆ ಬಿಟ್ಟರೆ ಬೆದೆ ಕಳೆದ ಕೆಲವು ವಾರಗಳಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ವಯಸ್ಸಾದಷ್ಟೂ ಹೆಚ್ಚು. ನೀರು ವಿಪರೀತ ಕುಡಿಯುವುದು, ಊಟ ಬಿಡುವುದು, ಹೊಟ್ಟೆ ಉಬ್ಬುವುದು ಕಂಡರೆ ಅಂದೇ ಆಸ್ಪತ್ರೆ. ಗಂಡಾದರೂ ಹೆಣ್ಣಾದರೂ ಹೊರಗೆ ಬಿಟ್ಟ ನಾಯಿಗಳಿಗೆ ಕೂಡುವಿಕೆಯಿಂದ ಹರಡುವ ಒಂದು ಗಡ್ಡೆ ನಮ್ಮಲ್ಲಿ ಸಾಮಾನ್ಯ. ಮೂತ್ರದ ಜಾಗದಿಂದ ಹನಿಹನಿ ರಕ್ತ ಬೀಳುವುದು ಅದರ ಗುರುತು. ವಾರಕ್ಕೊಂದರಂತೆ ಕೆಲವು ಇಂಜೆಕ್ಷನ್ನಿಗೆ ಬಹುಪಾಲು ವಾಸಿಯಾಗುತ್ತದೆ, ಹೆದರಿ ನಾಯಿಯನ್ನು ಹೊರಹಾಕುವ ಕಾಯಿಲೆ ಅದಲ್ಲ.

ದೀಪಾವಳಿಯ ರಾತ್ರಿಗಳಿಗೆ ತಯಾರಿ ಹಗಲಲ್ಲೇ. ಕತ್ತಲಾಗುವ ಮುಂಚೆ ವಾಕಿಂಗ್ ಮುಗಿಸಿ, ಊಟ ಬೇಗ ಹಾಕಿ, ಮನೆಯ ನಡುಕೋಣೆಯಲ್ಲಿ ಕಿಟಕಿ ಮುಚ್ಚಿ ಫ್ಯಾನ್, ಟಿವಿ ಸದ್ದು ಇಡಿ. ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಲಿ. ಪಟಾಕಿಗೆ ನಡುಗುವ ನಾಯಿಯನ್ನು ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಅನ್ನುವುದು ನಿಜವಲ್ಲ, ಪಕ್ಕದಲ್ಲಿ ಕೂತು ಸವರಿ. ಬಹಳ ಹೆದರುವ ನಾಯಿಗೆ ವೈದ್ಯರಿಂದ ಮೊದಲೇ ಮಾತ್ರೆ ಬರೆಸಿಕೊಂಡು, ಹಬ್ಬಕ್ಕೆ ಮುಂಚೆ ಒಂದು ದಿನ ಕೊಟ್ಟು ನೋಡಿರಬೇಕು.

ರಾತ್ರಿ ನಾಯಿಯನ್ನು ಒಳಗೆ ಮಲಗಿಸುವುದು ಒಳ್ಳೆಯದು. ಕಾಡಂಚಿನ ಊರುಗಳಲ್ಲಿ ಇದು ಕಡ್ಡಾಯ. ಅಂಗಳದಲ್ಲಿ ಚೈನ್ ಹಾಕಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಮಳೆಗಾಲದ ರಾತ್ರಿ ಕಪ್ಪೆಯನ್ನು ಬಾಯಿಗೆ ಹಾಕಿಕೊಂಡು ನೊರೆ ಕಾರಿದರೆ ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ ತೆಗೆಯಿರಿ. ಹಾವು ಕಚ್ಚಿದ್ದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ, ಮನುಷ್ಯರಿಗೆ ಕೊಡುವ ವಿಷನಿರೋಧಕ ಚುಚ್ಚುಮದ್ದು ನಾಯಿಗೂ ಆಗುತ್ತದೆ.

ಹತ್ತು ವರ್ಷ ದಾಟಿದ ಮೇಲೆ ದಿನಚರಿ ನಿಧಾನವಾಗುತ್ತದೆ. ಕಣ್ಣು ನೀಲಿ ಮಿಶ್ರಿತ ಬೂದಿಬಣ್ಣಕ್ಕೆ ತಿರುಗುವುದು ವಯಸ್ಸಿನ ಸಹಜ ಲಕ್ಷಣ, ಅದರಿಂದ ದೃಷ್ಟಿ ಅಷ್ಟೇನೂ ಹೋಗುವುದಿಲ್ಲ. ಬೆಳ್ಳಗಾದರೆ ಪೊರೆ. ನೀರನ್ನು ಒಂದು ದಿನ ಅಳತೆ ಮಾಡಿ ಇಡಿ: ಪ್ರತಿ ಕೆ.ಜಿ.ಗೆ 100 ಮಿಲಿಲೀಟರ್ ದಾಟಿ ಕುಡಿಯುತ್ತಿದ್ದರೆ ಮೂತ್ರಪಿಂಡ, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಬೇಕು. ಟೈಲ್ಸ್ ಮೇಲೆ ಅದು ಓಡಾಡುವ ದಾರಿಗೆ ಗೋಣಿ ಅಥವಾ ಚಾಪೆ ಹಾಸಿ, ನೀರಿನ ಬೋಗುಣಿಯನ್ನು ಒಂದು ಇಟ್ಟಿಗೆಯಷ್ಟು ಎತ್ತರಕ್ಕೆ ಇಡಿ, ಕುರ್ಚಿ ಮೇಜುಗಳ ಜಾಗ ಬದಲಿಸಬೇಡಿ. ವಾಕಿಂಗ್ ನಿಲ್ಲಿಸಬೇಡಿ, ದೂರ ಕಡಿಮೆ ಮಾಡಿ. ಗೇಟಿನಿಂದ ಮೂರನೇ ಮನೆಯ ಕಂಬದವರೆಗೆ ಹೋಗಿ, ಅಲ್ಲಿ ಅದಕ್ಕೆ ಬೇಕಾದಷ್ಟು ಹೊತ್ತು ಮೂಸಲು ಬಿಟ್ಟು ವಾಪಸ್ ಬಂದರೂ ಸಾಕು.